ನಾನೇ ನಿಲ್ಲಿಸಿದ ಕುಣಿತ

ನಂಬಲಿಕ್ಕೇ ಆಗುತ್ತಿಲ್ಲ...

ಬೆಳಿಗ್ಗೆ ಡೊಂಬಿವಲಿಯಿಂದ ಹೊರಟು ಠಾಣೆಯಲ್ಲಿ ಟ್ರೈನ್ ಬದಲಿಸುವಾಗ ನಮ್ಮ ಮುಂಬಯಿ ಯಕ್ಷಗಾನ ಮಂಡಳಿಯ ಗ್ರೂಪಿಗೆ ಮೆಸೇಜ್ ಬಂತು.
"ವಸಂತಣ್ಣ ಇನ್ನಿಲ್ಲ."
"ಯಾವ ವಸಂತಣ್ಣ?" ಎಂದು ಟೈಪ್ ಮಾಡಿದೆ.
ಮಂಡಳಿಯಲ್ಲಿರುವುದು ಒಬ್ಬರೇ ವಸಂತಣ್ಣ. ಗೊತ್ತಿದ್ದೂ ಕೇಳಿದೆ...

ಪರಿಚಯವಿಲ್ಲದವರಿಗೆ ಹೇಳುತ್ತೇನೆ.
ಬೇಲಾಪುರದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಊರು ಉಡುಪಿ ಕಡೆ, ಮನೆ ಖಾರಘರ.
ರಜೆ ಸಿಕ್ಕ ಭಾನುವಾರವೆಲ್ಲ ರಾಜವೇಷ.
ಹದಿನಾರು ವರ್ಷ ಅವರ ಕುಣಿತಕ್ಕೆ ಚೆಂಡೆ ಬಾರಿಸಿದವನು ನಾನು.

ಶುಗರ್ ಅವರ ಎಡಗಾಲಿನ ಎರಡು ಬೆರಳು ತಿಂದುಹಾಕಿತ್ತು.
ಇನ್ನು ಕುಣಿತ ಮುಗಿಯಿತು ಅಂದುಕೊಂಡೆವು.
ಮೂರೇ ತಿಂಗಳು... ವೇಷ ಕಟ್ಟುವ ಚೌಕಿಯಲ್ಲಿ ಹಾಜರ್!
ಬೆರಳಿಲ್ಲದ ಜಾಗಕ್ಕೆ ಹತ್ತಿ ತುರುಕಿ, ಕಾಲುಚೀಲ ಏರಿಸಿ, ಗೆಜ್ಜೆ ಕಟ್ಟುತ್ತಾ ಕೂತಿದ್ದರು.
"ಹತ್ತರಲ್ಲಿ ಎಂಟು ಉಂಟಲ್ಲ ಮಾರಾಯ... ಫಸ್ಟ್ ಕ್ಲಾಸ್ ಪಾಸು!"
ಬೈಯಲೆಂದೇ ಬಂದಿದ್ದ ಅವರ ಹೆಂಡತಿ ಸರೋಜಕ್ಕನೂ ನಕ್ಕುಬಿಟ್ಟರು.

ಇವತ್ತು ಎಲ್ಲರ ಸ್ಟೇಟಸ್‌ನಲ್ಲೂ ಅವರದೇ ವಿಡಿಯೋ... ಘೋಡಬಂದರ್ ರಸ್ತೆಯ ಹಾಲ್‌ನಲ್ಲಿ ಆದ ಕೊನೆಯ ಆಟದ್ದು.
"ಏನು ಎನರ್ಜಿ!" ಎಂದು ಕಮೆಂಟುಗಳು.
ಅದರ ಬಗ್ಗೆ ಒಂದು ಮಾತು ಹೇಳಲೇಬೇಕು. ಇಷ್ಟು ದಿನ ಬಾಯಿ ಬಿಟ್ಟಿಲ್ಲ.

ವಸಂತಣ್ಣ...
ಆ ದಿನ ಗಿರಕಿ ಹೊಡೆಯುವಾಗ ನಿಮ್ಮ ಎಡಗಾಲು ನಡುಗಿದ್ದು ಕಂಡೆ.
ಇನ್ನೂ ಎರಡು ಸುತ್ತು ಬಾಕಿ ಇತ್ತು. ನಾನು ಚೆಂಡೆಯಲ್ಲಿ ಮುಕ್ತಾಯ ಕೊಟ್ಟುಬಿಟ್ಟೆ.
ಮುಕ್ತಾಯ ಬಿದ್ದರೆ ವೇಷಧಾರಿ ನಿಲ್ಲಲೇಬೇಕು.
ಎತ್ತಿದ ಕಾಲು ಕೆಳಗಿಟ್ಟು ನೀವು ನನ್ನ ಕಡೆ ನೋಡಿದಿರಿ... ಜನ ಚಪ್ಪಾಳೆ ತಟ್ಟುತ್ತಿದ್ದರು.

ಆಮೇಲೆ ಗೆಜ್ಜೆ ಬಿಚ್ಚುತ್ತಾ ಕೇಳಿದಿರಿ.
"ನನ್ನ ಕಾಲು ನಿನ್ನ ಹತ್ರ ಬಂದು ಸಾಕು ಅಂತ ಹೇಳಿತಾ?"
"ಟೈಮ್ ಆಗಿತ್ತು ವಸಂತಣ್ಣ, ಹಾಲ್‌ನವರು ಅರ್ಜೆಂಟ್ ಮಾಡ್ತಿದ್ರು" ಎಂದೆ.
ಶುದ್ಧ ಸುಳ್ಳು. ಹಾಲ್‌ನವರು ಮುಂದಿನ ಸಾಲಿನಲ್ಲೇ ಕೂತು ಆಟ ನೋಡುತ್ತಿದ್ದರು.
"ಬೀಳುದಿದ್ರೆ ನಾನು ಬೀಳ್ತೇನೆ ಮಾರಾಯ. ನೀನು ಬಾರಿಸು. ನಿಂಗೆ ಅಷ್ಟೇ ಕೆಲಸ."

ಆಮೇಲೆ ಗಾಯದಲ್ಲಿ ಮತ್ತೆ ಕೀವಾಯಿತು. ಆಸ್ಪತ್ರೆ, ಮನೆ, ಪುನಃ ಆಸ್ಪತ್ರೆ... ನೀವು ರಂಗಸ್ಥಳಕ್ಕೆ ಬರಲೇ ಇಲ್ಲ.

ಹೋದ ವಾರ ಫೋನ್ ಮಾಡಿದಿರಿ.
"ಭಾನುವಾರ ಚೆಂಡೆ ತಕೊಂಡು ಮನೆಗೆ ಬಾ. ಆ ಎರಡು ಸುತ್ತು ಮುಗಿಸುವ."
"ಈ ಕಾಲಲ್ಲಿ ಎಂತ ಕುಣಿಯುದು ವಸಂತಣ್ಣ? ಬಿಲ್ಡಿಂಗಿನವರೂ ಬೈತಾರೆ."
"ಕೂತು ಕುಣಿತೇನೆ. ಸೊಸೈಟಿ ಸೆಕ್ರೆಟರಿಗೆ ಹೇಳಿ ಆಗಿದೆ."
"ಮೊದಲು ಹುಷಾರಾಗಿ... ಮುಂದಿನ ತಿಂಗಳು ನೋಡುವ" ಎಂದುಬಿಟ್ಟೆ.
ಭಾನುವಾರ ನನಗೇನೂ ಕೆಲಸವಿರಲಿಲ್ಲ. ಮನೆಯಲ್ಲೇ ಇದ್ದೆ. ಬಟ್ಟೆ ಇಸ್ತ್ರಿ ಮಾಡಿದೆ.

ಇವತ್ತು ನಿಮ್ಮನ್ನು ಕಳಿಸಿಕೊಟ್ಟ ಮೇಲೆ ನಿಮ್ಮ ಮಗಳು ಪಕ್ಕಕ್ಕೆ ಕರೆದು ಹೇಳಿದಳು.
"ಅಂಕಲ್, ಸಂಡೇ ಕೋ ಪಪ್ಪಾ ಗೆಜ್ಜೆ ಬಾಂಧ್ ಕೆ ಬೈಠೇ ಥೇ... ಆಪ್ ಆಯೇಂಗೆ ಬೋಲ್ ಕೆ."
ನಾನು ಬರುತ್ತೇನೆಂದು ಗೆಜ್ಜೆ ಕಟ್ಟಿ ಕೂತಿದ್ದಿರಂತೆ... ಎಡಗಾಲಿಗೆ ಬ್ಯಾಂಡೇಜ್ ಇದ್ದದ್ದರಿಂದ ಬಲಗಾಲಿಗೆ ಮಾತ್ರ ಕಟ್ಟಿಸಿಕೊಂಡಿದ್ದಿರಂತೆ.
ಸಂಜೆ ಏಳರವರೆಗೆ ಬಿಚ್ಚಲು ಬಿಡಲಿಲ್ಲವಂತೆ.
ಬರುವುದಿಲ್ಲ ಎಂದು ನಾನು ಹೇಳಿದ್ದೆನಲ್ಲ ವಸಂತಣ್ಣ...
ಆದರೂ ಕಾದಿರಿ.

ಶಾಂತಿ ಸಿಗಲಿ ಎಂದು ಬರೆಯಬೇಕು, ಆದರೆ ಸುಮ್ಮನೆ ಕೂರುವ ಶಾಂತಿ ನಿಮಗೆ ಆಗಿಬರುವುದಿಲ್ಲ.
ಕಾಲು ನೋಯದ ಕಡೆ ನಿಮ್ಮ ಜೀವ ತಣ್ಣಗಿರಲಿ.
ಹೋಗಿ ಬನ್ನಿ...