ನೀಲಿ ಮೂತಿಯ ವೈರು

ಡಿಶ್ ನಾಗಣ್ಣನ ಕೈಚಳಕವನ್ನು ನಾನು ಹಿಡಿದೆ ಅನ್ನುವುದು ಸುಳ್ಳು. ಹಿಡಿಯಲು ಅಲ್ಲಿ ಯಾವ ಕೈಚಳಕವೂ ಇರಲಿಲ್ಲ. ನಮ್ಮ ಮನೆಯ ರಿಮೋಟ್ ಕೆಡಿಸುತ್ತಿದ್ದವಳು ನಾನು — ಮೊದಲು ಗೊತ್ತಿಲ್ಲದೆ, ಆಮೇಲೆ ಗೊತ್ತಾಗಿಯೂ ಬಾಯಿ ಮುಚ್ಚಿಕೊಂಡೆ.

ಹೊನ್ನವಳ್ಳಿಯಲ್ಲಿ ಚಾಲ್ತಿಯಲ್ಲಿರುವ ಕಥೆ ಬೇರೆ. ದೊಡ್ಡಪ್ಪ ಯಾವ ಮದುವೆಯ ಪಂಕ್ತಿಯಲ್ಲಿ ಕೂತರೂ ಅದನ್ನು ಹೇಳದೆ ಏಳುವುದಿಲ್ಲ. "ನಮ್ಮನೆಗೆ ಟಿವಿ ಕಂಪ್ಯೂಟರ್ ಕೂಡ್ಸಿಕೊಟ್ಟನಲ್ಲ, ಡಿಶ್ ನಾಗ, ಬಂದಾಗೆಲ್ಲ ಏನೋ ಮಾಡಿಟ್ಟು ಹೋಗೋನು ಕಣ್ರೀ. ಅವ್ನು ಬಂದ್ರೆ ರಿಮೋಟ್ ಸರಿ, ಹೋದ್ರೆ ಕೆಡೋದು. ನಮ್ ಹುಡ್ಗಿ ಒಂದೇ ಮಾತಲ್ಲಿ ಹಿಡಿದ್ಲು ನೋಡಿ! ಡಿಬೇಟಲ್ಲಿ ಕಪ್ಪು ತಂದೋಳು, ಸುಮ್ನೇನಾ?" ಕೇಳಿದವರು ನನ್ನ ಕಡೆ ತಿರುಗಿ ನಗುತ್ತಾರೆ. ನಾನು ಎಲೆಯ ಮೇಲಿನ ಪಲ್ಯ ನೋಡುತ್ತೇನೆ.

ಈ ಕಥೆಯಲ್ಲಿ ನಡೆಯದೇ ಇದ್ದದ್ದು ಬಹಳ ಇಲ್ಲ. ನಾಗಣ್ಣ ಬಂದಾಗ ರಿಮೋಟ್ ಸರಿ ಇರುತ್ತಿತ್ತು — ನಿಜ. ಹೋದ ಮೇಲೆ ಕೆಡುತ್ತಿತ್ತು — ಅದೂ ನಿಜ. ನಾನು ಒಂದೇ ಮಾತು ಆಡಿದ್ದು ನಿಜ. ಕಥೆ ಇಷ್ಟು ದಿನ ಗಟ್ಟಿಯಾಗಿ ನಿಂತಿರುವುದು ಅದಕ್ಕೇ. ಬಿಟ್ಟುಹೋದದ್ದು ಒಂದೇ ಸಂಗತಿ. ಅದು ನನ್ನೊಬ್ಬಳಿಗೆ ಗೊತ್ತಿತ್ತು. ಇನ್ನೊಬ್ಬರಿಗೂ ಗೊತ್ತಿತ್ತೇನೋ — ಅದಕ್ಕೆ ಕೊನೆಗೆ ಬರುತ್ತೇನೆ.

ನಾಗಣ್ಣ ನಮ್ಮೂರಿನವನೇ. ಮನೆ ಮನೆಯ ಮೇಲೆ ಹತ್ತಿ ಡಿಶ್ ಕೂರಿಸಿದ್ದರಿಂದ ಆ ಹೆಸರು. ಆಮೇಲೆ ಕಂಪ್ಯೂಟರ್ ಕಲಿತ. ನಾಲ್ಕು ವರ್ಷದ ಹಿಂದೆ, ನಾನು ಮನೆಯಿಂದಲೇ ತಿಪಟೂರಿಗೆ ಓಡಾಡಿಕೊಂಡು ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದಾಗ, ನಮ್ಮ ನಡುಮನೆಯಲ್ಲಿ ದೊಡ್ಡ ಟಿವಿ, ಅದರ ಹಿಂದೆ ಊಟದ ಡಬ್ಬಿಯಷ್ಟು ಕಂಪ್ಯೂಟರ್, ಎರಡು ಮೂಲೆಗೆ ಎರಡು ಸ್ಪೀಕರ್ ಎಲ್ಲ ಜೋಡಿಸಿಕೊಟ್ಟ. ಮುಖ್ಯವಾಗಿ ಅದು ಅಜ್ಜಿಗೋಸ್ಕರ. ಮಂಡಿ ಹಿಡಿದುಕೊಂಡು ದಿವಾನ್ ಬಿಟ್ಟು ಏಳಲಾಗದ ಅಜ್ಜಿ ತನಗೆ ಬೇಕಾದ ಸಿನಿಮಾ ತಾನೇ ಹಾಕಿಕೊಳ್ಳಬೇಕು. ಅವಳಿಗೆ ಅಕ್ಷರ ಬಾರದು, ಕಣ್ಣೂ ಮಂಜು. ನಾಗಣ್ಣ ದೊಡ್ಡಮ್ಮನ ಹತ್ತಿರ ಹಣೆಯ ಟಿಕಳಿ ಕೇಳಿ ಇಸಕೊಂಡು ರಿಮೋಟಿನ ಮೂರು ಗುಂಡಿಗಳ ಮೇಲೆ ಅಂಟಿಸಿದ. "ದೊಡ್ಡದು ಶುರು. ಸಣ್ಣವೆರಡು ಮೇಲೆ, ಕೆಳಗೆ. ಬೆರಳಲ್ಲೇ ನೋಡ್ಕೊಳ್ಳಮ್ಮ," ಅಂದ. ಅಜ್ಜಿ ನೋಡಿಕೊಂಡಳು. ಅವತ್ತಿನಿಂದ ಅವಳು ಯಾರನ್ನೂ ಕರೆಯಲಿಲ್ಲ.

ಎರಡು ತಿಂಗಳಾದ ಮೇಲೆ ಕರೆಯತೊಡಗಿದಳು. ಒತ್ತಿದರೆ ಆಗುತ್ತಿರಲಿಲ್ಲ. ಮೂರು ಸಲ ಒತ್ತಿದರೆ ಒಂದು ಸಲ ಕೆಲಸ ಮಾಡುತ್ತಿತ್ತು. ಟಿವಿಯ ಹತ್ತಿರ ಹೋಗಿ ಒತ್ತಿದರೆ ಸರಿ, ದಿವಾನಿನಿಂದ ಒತ್ತಿದರೆ ಇಲ್ಲ. ಹತ್ತಿರ ಹೋಗಲು ಆಗದವಳಿಗೆ ತಾನೆ ರಿಮೋಟ್?

ಮನೆಯಲ್ಲಿ ವಾದಗಳು ಹುಟ್ಟಿದವು. ಹಗಲು ತ್ರೀ ಫೇಸ್ ಕರೆಂಟ್ ಬಂದ ದಿನವೇ ಕೆಡುವುದು, ಬೋರ್‌ವೆಲ್ಲಿನ ಮೋಟರು ರಿಮೋಟಿಗೆ ಆಗಿಬರುತ್ತಿಲ್ಲ — ಇದು ದೊಡ್ಡಪ್ಪ. ಬೀದಿಯವರ ಕಣ್ಣು ಬಿದ್ದಿದೆ — ಇದು ದೊಡ್ಡಮ್ಮ. ನನಗೆ ಹಬ್ಬ. ಮೋಟರಿನ ಫ್ಯೂಸ್ ಕೀಳಿಸಿ ರಿಮೋಟ್ ಒತ್ತಿ ತೋರಿಸಿದೆ: ಆಗಲೂ ಸತ್ತೇ ಇತ್ತು. ದೊಡ್ಡಪ್ಪನ ವಾದ ಬಿತ್ತು. ದೊಡ್ಡಮ್ಮ ಟಿವಿಗೆ ಮೆಣಸಿನಕಾಯಿ ನಿವಾಳಿಸಿದ ಮಾರನೆಯ ದಿನವೂ ಸತ್ತೇ ಇತ್ತು. "ಲಾಯರಮ್ಮ ಬಂದ್ಲು, ಎಲ್ರೂ ಸಾಕ್ಷಿ ತಗೊಂಡ್ಬನ್ನಿ," ಅಂತ ದೊಡ್ಡಮ್ಮ ಮೂತಿ ತಿರುವಿದರು.

ಆದರೆ ದೊಡ್ಡಪ್ಪ ಕಂಡದ್ದು ಪೂರಾ ತಪ್ಪಲ್ಲ. ತ್ರೀ ಫೇಸ್ ಬಂದರೆ ಮನೆಯವರೆಲ್ಲ ನೀರು ಕಟ್ಟಲು ತೋಟಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ನಿದ್ದೆಹೋದ ಅಜ್ಜಿ ಮತ್ತು ನಾನು. ಆಗ ನಾನು ನನ್ನ ಹಾರ್ಡ್ ಡಿಸ್ಕ್ ತಂದು ಕಂಪ್ಯೂಟರಿನ ಹಿಂದೆ ಚುಚ್ಚುತ್ತಿದ್ದೆ. ನನ್ನದೂ ಅಲ್ಲ ಅದು, ಕಾಲೇಜಿನ ಒಬ್ಬ ಗೆಳೆಯನದು. ಒಳಗೆ ಇದ್ದದ್ದು ವಿದೇಶದ ಸೀರಿಯಲ್ಲುಗಳು, ಜೊತೆಗೆ ನಾವಿಬ್ಬರೂ ಇರುವ ಒಂದಷ್ಟು ಫೋಟೋ. ಎರಡರಲ್ಲಿ ಯಾವುದು ದೊಡ್ಡಪ್ಪನ ಕಣ್ಣಿಗೆ ಬಿದ್ದರೂ ನನ್ನ ಓದು ಅಲ್ಲಿಗೆ ನಿಲ್ಲುತ್ತಿತ್ತು — ಹಾಗಂತ ನಾನು ನಂಬಿದ್ದೆ. ಟಿವಿ ಜರುಗಿಸಿ ದಿನಾ ಚುಚ್ಚಿ ಕೀಳುವುದು ಕಷ್ಟ. ಹಿಂದೆ ಯಾರೂ ಇಣುಕುವುದಿಲ್ಲ. ಆದ್ದರಿಂದ ಅಲ್ಲೇ ಬಿಟ್ಟಿರುತ್ತಿದ್ದೆ. ಹಿಂದೆ ಇಣುಕುವವನು ನಾಗಣ್ಣ ಒಬ್ಬನೇ. ಅವನ ಮೊಪೆಡ್ ಸದ್ದು ಬೀದಿಯ ತಿರುವಿನಲ್ಲಿ ಕೇಳಿದ ಕೂಡಲೇ ಡಿಸ್ಕನ್ನು ವೈರಿನ ಸಮೇತ ಕಿತ್ತು ಅಟ್ಟ ಹತ್ತುತ್ತಿದ್ದೆ. ಕೊಬ್ಬರಿಗೆ ಬಿಟ್ಟ ಕಾಯಿ ವರ್ಷದವರೆಗೂ ಅಟ್ಟದಲ್ಲಿ ಒಣಗುತ್ತಾ ಬಿದ್ದಿರುತ್ತದೆ, ಯಾರೂ ಮುಟ್ಟುವುದಿಲ್ಲ. ಆ ರಾಶಿಯ ಸಂದಿಗಿಂತ ಭದ್ರವಾದ ಬೀರು ನಮ್ಮ ಕಡೆ ಯಾರ ಮನೆಯಲ್ಲೂ ಇಲ್ಲ.

ನಾಗಣ್ಣ ಬಂದು ಒತ್ತುತ್ತಿದ್ದ. ರಿಮೋಟ್ ದಿವಾನಿನಿಂದಲೂ ಕೆಲಸ ಮಾಡುತ್ತಿತ್ತು. ತಲೆ ಕೆರೆದುಕೊಳ್ಳುತ್ತಿದ್ದ. ಎರಡನೆಯ ಸಲ ಬಂದಾಗ ಹಿಂದೆ ಬಗ್ಗಿ ಬಹಳ ಹೊತ್ತು ನೋಡಿದ. ರಿಮೋಟಿನ ಮಾತು ಹಿಡಿಯುವ ರಿಸೀವರ್ ಅಲ್ಲಿತ್ತು, ಉಗುರಿನಷ್ಟು ಕಡ್ಡಿ. "ಹಿಂದ್ಗಡೆ ಏನೋ ಗಲಾಟೆ ಮಾಡ್ತೈತೆ ಕಣವ್ವ. ಈ ಕಡ್ಡಿನ ಒಂದು ವೈರಲ್ಲಿ ಸಿಗಿಸಿ ಟಿವಿ ಮುಂದಕ್ಕೆ ತಂದ್ರೆ ಸರಿಹೋಗ್ಬೋದು," ಅಂದ.

"ಗಲಾಟೆ ನಿಮ್ಗೆ ಕೇಳ್ಸುತ್ತಾ ನಾಗಣ್ಣ? ನಮ್ಗ್ಯಾಕೆ ಕೇಳಲ್ಲ?" ಅಂದೆ ನಾನು.

ದೊಡ್ಡಪ್ಪ ನಕ್ಕರು. ನಾಗಣ್ಣನೂ ನಕ್ಕ. ದೊಡ್ಡಪ್ಪ ಕೊಟ್ಟ ಎರಡು ಕಾಯಿಯನ್ನೂ ಬೇಡ ಅಂದು ಹೊರಟ. ಮತ್ತೆ ಮತ್ತೆ ಬರಲಿ ಅಂತ ಕೆಡಿಸಿ ಹೋಗುವವನು ಬಂದದ್ದಕ್ಕೆ ಏನೂ ತೆಗೆದುಕೊಳ್ಳದೆ ಹೋಗುತ್ತಾನೆಯೇ? ವೇದಿಕೆಯ ಮೇಲೆ ಎದುರಾಳಿ ಇಂಥ ಹರಕು ವಾದ ಹೂಡಿದ್ದರೆ ಅರ್ಧ ನಿಮಿಷದಲ್ಲಿ ಹರಿದು ಹಾಕುತ್ತಿದ್ದೆ. ಮುಂದೆ ಅದೇ ವಾದವನ್ನು ನಾನೇ ಹೂಡಿದಾಗ —

ಮೂರನೆಯ ಸಲ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಅಟ್ಟದ ಕಾಯಿ ಇಳಿಸಿ ಕೊಬ್ಬರಿ ಮಾಡುವ ದಿನ. ಆಳುಗಳು ಅಟ್ಟದ ಮೇಲೆ, ನಡುಮನೆಯಲ್ಲಿ, ಜಗಲಿಯಲ್ಲಿ. ಮೊಪೆಡ್ ಸದ್ದು ಕೇಳಿದಾಗ ನನಗೆ ಅಟ್ಟ ಇರಲಿಲ್ಲ. ಡಿಸ್ಕ್ ಕಿತ್ತು ದುಪಟ್ಟಾದಲ್ಲಿ ಸುತ್ತಿಕೊಂಡು ಕೋಣೆಗೆ ಓಡಿದೆ. ಅವಸರಕ್ಕೆ ವೈರು ಅಲ್ಲೇ ಉಳಿಯಿತು. ಒಂದು ತುದಿ ಕಂಪ್ಯೂಟರಿನಲ್ಲಿ, ಇನ್ನೊಂದು ತುದಿ ಗಾಳಿಯಲ್ಲಿ.

ತಿರುಗಿ ಬರುವಷ್ಟರಲ್ಲಿ ನಾಗಣ್ಣ ಟಿವಿ ಹಿಂದಿದ್ದ. ಮೂತಿ ನೀಲಿಯಾಗಿರುವ ಆ ವೈರನ್ನು ಎಳೆದು ಕೈಯಲ್ಲಿ ಹಿಡಿದಿದ್ದ. "ಯಜಮಾನ್ರೆ, ಇದ್ಯಾತರದು —" ಅಂತ ಬಾಯಿ ತೆಗೆದ.

ಆ ವಾಕ್ಯ ಮುಗಿಯಬಾರದಿತ್ತು. ನನಗೆ ಆಗ ಬೇಕಾಗಿದ್ದದ್ದು ಅಷ್ಟೇ. ಸತ್ಯವಲ್ಲ, ತೀರ್ಪೂ ಅಲ್ಲ. ಅವನ ಬಾಯಿ ಮುಚ್ಚಬೇಕು. ಎಲ್ಲರಿಗೂ ಕೇಳುವ ಹಾಗೆ ಅಂದೆ:

"ದೊಡ್ಡಪ್ಪ, ಒಂದು ಮಾತು. ನಾಗಣ್ಣ ಬಂದಾಗ ರಿಮೋಟ್ ಸರಿ ಇರುತ್ತೆ. ಹೋದ್ಮೇಲೆ ಕೆಡುತ್ತೆ. ಪ್ರತಿ ಸಲವೂ ಹಾಗೇ. ಟಿವಿ ಅದೇ, ಕರೆಂಟ್ ಅದೇ, ರಿಮೋಟ್ ಅದೇ. ಬದಲಾಗೋದು ಒಂದೇ — ನಾಗಣ್ಣ."

ಕಾಯಿ ಸುಲಿಯುತ್ತಿದ್ದವರು ತಿರುಗಿ ನೋಡಿದರು. ಜಗಲಿಯಿಂದ ಯಾರೋ, "ಅಯ್ಯೋ, ಹಿಡ್ಕಂಡ್ಲು ಕಣ್ಲಾ!" ಅಂದರು. ನಗು ಎದ್ದಿತು. ದೊಡ್ಡಪ್ಪ ನಗಲಿಲ್ಲ. "ಏನ್ಲಾ ನಾಗ, ಹೊಸಾದು ಕೊಡ್ಸೋಕೆ ದಾರಿ ಮಾಡ್ಕೊಳ್ತಿದ್ಯಾ?"

ದಿವಾನಿನಿಂದ ಅಜ್ಜಿ, "ಅವ್ನು ಅಂಥೋನಲ್ಲ ಕಣೋ," ಅಂದಳು.

"ಆಧಾರ ಏನಜ್ಜಿ?" ಅಂದೆ.

ಅಜ್ಜಿ ಕೈಯಲ್ಲಿದ್ದ ರಿಮೋಟ್ ಎತ್ತಿ ಟಿಕಳಿ ತೋರಿಸಿದಳು. ಇದು ಆಧಾರ ಅಲ್ಲ ಅಂತ ನಾನು ಅವಳಿಗೆ ವಿವರಿಸಿದೆ. ಹೌದು — ನಿಧಾನವಾಗಿ, ಬಿಡಿಸಿ ಬಿಡಿಸಿ ವಿವರಿಸಿದೆ.

ನಾಗಣ್ಣ ನನ್ನನ್ನು ನೋಡಿದ. ಆಮೇಲೆ ವೈರನ್ನು. ನಿಧಾನವಾಗಿ ಅದನ್ನು ಬೆರಳಿಗೆ ಸುತ್ತಿ ಸಿಂಬಿ ಮಾಡಿ ನನ್ನ ಅಂಗೈಯಲ್ಲಿಟ್ಟ. "ನಿಮ್ದು ಕಣವ್ವ. ಜೋಪಾನ," ಅಂದ. ಚೀಲ ಹೆಗಲಿಗೆ ಹಾಕಿಕೊಂಡು, ಸಿಪ್ಪೆಯ ರಾಶಿ ದಾಟಿಕೊಂಡು ಹೋದ.

ಇಲ್ಲಿಯವರೆಗೆ ನನ್ನ ಪರವಾಗಿ ಏನಾದರೂ ಹೇಳಬಹುದು. ಹುಡುಗು ಬುದ್ಧಿ, ಭಯ, ಅಜ್ಞಾನ. ರಿಮೋಟ್ ಕೆಡಲು ಡಿಸ್ಕ್ ಕಾರಣ ಅಂತ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಾದದ್ದು ನಾಲ್ಕು ದಿನದ ನಂತರ. ಗೆಳೆಯ ಡಿಸ್ಕ್ ವಾಪಸ್ ಕೇಳಿದ. ಅಜ್ಜಿ ದಿವಾನಿನಿಂದ ಒತ್ತುತ್ತಾ ಗೊಣಗುತ್ತಿದ್ದಳು, ನಾನು ಹಿಂದೆ ಬಗ್ಗಿ, ಭಾನುವಾರದ ನಂತರ ಮತ್ತೆ ಚುಚ್ಚಿಟ್ಟಿದ್ದ ಡಿಸ್ಕ್ ಕಿತ್ತೆ, "ಬಂತು ಕಣೇ!" ಅಂದಳು. ಅರ್ಧ ನಿಮಿಷ ಹಾಗೇ ಬಗ್ಗಿಕೊಂಡೇ ಇದ್ದೆ. ಮತ್ತೆ ಚುಚ್ಚಿದೆ — ಹೋಯಿತು. ಕಿತ್ತೆ — ಬಂತು. ಹತ್ತು ಸಲ ಮಾಡಿದೆ. ಹತ್ತು ಸಲವೂ ಅಜ್ಜಿ ನಿಜ ಹೇಳಿದಳು.

ಕಾರಣ ಆಮೇಲೆ ಓದಿ ತಿಳಿದೆ. ಆ ನೀಲಿ ಮೂತಿಯ ವೈರಿನಲ್ಲಿ ಡಿಸ್ಕ್ ಓಡುವಾಗ, ರಿಮೋಟ್ ಯಾವ ಅಲೆಯಲ್ಲಿ ಮಾತಾಡುತ್ತದೋ ಅದೇ ಅಲೆಯ ಆಸುಪಾಸಿನಲ್ಲಿ ಗದ್ದಲ ಏಳುತ್ತದೆ. ಪಕ್ಕದಲ್ಲೇ ಇರುವ ರಿಸೀವರಿಗೆ ದೂರದ ರಿಮೋಟ್ ಕೇಳಿಸುವುದಿಲ್ಲ. ಹಿಟ್ಟಿನ ಗಿರಣಿಯೊಳಗೆ ನಿಂತವನಿಗೆ ಬೀದಿಯಿಂದ ಕೂಗಿದ ಹಾಗೆ. ಪರಿಹಾರ — ರಿಸೀವರನ್ನು ಒಂದು ವೈರಿನಲ್ಲಿ ಸಿಗಿಸಿ ದೂರ ತರುವುದು. ಹಿಂದೆ ಏನೋ ಗಲಾಟೆ. ಒಂದು ವೈರು. ಟಿವಿಯ ಮುಂದಕ್ಕೆ. ನಾಗಣ್ಣ ಏನನ್ನೂ ಓದದೆ, ಡಿಸ್ಕನ್ನು ಒಮ್ಮೆಯೂ ಕಾಣದೆ, ಹೇಳಿದ್ದ.

ತಿಪಟೂರಿನಿಂದ ಮೊಳದುದ್ದದ ವೈರು ತಂದು ಹಾಗೇ ಮಾಡಿದೆ — ಬೇರೆ ಡಿಸ್ಕ್ ತರುವ ಯೋಚನೆ ಇತ್ತು. ರಿಮೋಟ್ ಮತ್ತೆ ಕೆಡಲಿಲ್ಲ. ಹದಿನೈದು ದಿನ ನೋಡಿ ದೊಡ್ಡಪ್ಪ ಅಂದರು: "ನೋಡಿದ್ಯಾ? ಅವ್ನು ಬರೋದು ನಿಲ್ತು, ರಿಮೋಟ್ ಸರಿಹೋಯ್ತು."

ನಾನು "ಹೂಂ" ಅಂದೆ.

ಭಾನುವಾರದ ಆ ಮಾತಿಗಿಂತ ಈ ಹೂಂ ದೊಡ್ಡ ತಪ್ಪು. ಅವನು ಹೇಳಿದ ಮದ್ದನ್ನೇ ಹಾಕಿ, ಅದು ಕೆಲಸ ಮಾಡಿದ್ದನ್ನು ಅವನ ಮೇಲಿನ ಸಾಕ್ಷಿಯಾಗಲು ಬಿಟ್ಟೆ.

ಆಮೇಲೆ ನಡೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಉದ್ದ ಮಾಡಿದರೆ ನನ್ನ ಮೇಲೆ ನನಗೇ ಮರುಕ ಹುಟ್ಟುತ್ತದೆ. ಅವತ್ತು ಕೊಬ್ಬರಿ ಮಾಡಲು ಬಂದಿದ್ದವರು ಹೋದ ಹೋದ ಮನೆಯಲ್ಲಿ ಕಥೆ ಹೇಳಿದರು. ನಾಗಣ್ಣನ ಕಸುಬು ಜನರ ನಡುಮನೆಗೆ ಹೋಗುವುದು. ಜನ ಒಳಗೆ ಬಿಟ್ಟುಕೊಳ್ಳುವುದು ಕಡಿಮೆ ಮಾಡಿದರು. ಬಿಟ್ಟರೂ ಪಕ್ಕದಲ್ಲೇ ನಿಂತು ಕೈ ನೋಡುತ್ತಿದ್ದರು. ಊರಿನ ಸಂಘದ ಕಟ್ಟಡಕ್ಕೆ ಕ್ಯಾಮೆರಾ ಹಾಕುವ ಕೆಲಸ ಅವನದೇ ಅಂತಿತ್ತು. ಕಮಿಟಿಯಲ್ಲಿದ್ದ ದೊಡ್ಡಪ್ಪ ಬೇಡವೆಂದರು, ಹೊರಗಿನವರು ಬಂದು ಹಾಕಿದರು. ಒಂದು ವರ್ಷದಲ್ಲಿ ಅವನು ಹುಳಿಯಾರಿಗೆ ಹೋದ. ಅಲ್ಲಿ ಯಾರದೋ ಅಂಗಡಿಯ ಮೂಲೆಯಲ್ಲಿ ಕೂತು ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಾನಂತೆ. ಕೆಟ್ಟ ಸಾಮಾನು ಅವನ ಹತ್ತಿರ ಬರುತ್ತದೆ. ಅವನು ಯಾರ ಮನೆಗೂ ಹೋಗುವುದಿಲ್ಲ.

ಹೇಳಲು ಒಮ್ಮೆ ಪ್ರಯತ್ನಪಟ್ಟೆ. ಕಳೆದ ತಿಂಗಳು ಅಕ್ಕನ ಮಗುವಿನ ನಾಮಕರಣ, ದೊಡ್ಡಪ್ಪ ಕಥೆ ತೆಗೆದರು. ನಾನು ಎದ್ದು ನಿಂತು ಎಲ್ಲ ಹೇಳಿದೆ. ಡಿಸ್ಕ್, ಗೆಳೆಯ, ಅಟ್ಟ, ಎಲ್ಲ. ಆಮೇಲೆ ಯಾರೋ, "ಎಷ್ಟು ದೊಡ್ ಗುಣ ನೋಡಿ, ಅವ್ನ ತಪ್ನೂ ತನ್ ತಲೆಗೆ ಹಾಕ್ಕೊಳ್ತಾಳೆ," ಅಂದರು. ನಾನು ಬಿಡದೆ ವಾದಿಸಿದೆ. ವಾದಿಸಿದಷ್ಟೂ ಮೆಚ್ಚಿದರು. ಕೈ ತೊಳೆಯುವಾಗ ದೊಡ್ಡಪ್ಪ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಅಂದರು: "ಬುಡು ಈಗ. ಅದ್ನೆಲ್ಲ ಯಾರು ನೆನಪಿಟ್ಕೊಂಡವ್ರೆ?" ಹಾಗಾದರೆ ಅವರು ನಂಬಿದ್ದರು. ನಂಬಿಯೂ ಕಥೆ ಬಿಟ್ಟುಕೊಡಲು ಸಿದ್ಧರಿರಲಿಲ್ಲ. ಅವರನ್ನು ದೂರುವ ಹಕ್ಕು ನನಗಿಲ್ಲ. ಆ ಕಥೆಯನ್ನು ಅವರ ಕೈಗೆ ಕೊಟ್ಟವಳು ನಾನು.

ಅದಕ್ಕೇ ಈ ಬರಹ. ಬಾಯಿಮಾತಿನಲ್ಲಿ ಗೆಲ್ಲುವುದು ನನಗೆ ಗೊತ್ತು. ಸೋಲಬೇಕೆಂದು ನಿಂತಾಗ ಅದು ಕೈಕೊಟ್ಟಿತು. ಇದರ ಒಂದು ಪ್ರತಿಯನ್ನು ಸಂಘದ ಕಮಿಟಿಗೆ ನನ್ನ ಸಹಿ ಹಾಕಿ ಕೊಡುತ್ತೇನೆ. ಇನ್ನೊಂದನ್ನು ಹುಳಿಯಾರಿಗೆ ನಾನೇ ಒಯ್ಯುತ್ತೇನೆ. ನಾಗಣ್ಣ, ನಿಮ್ಮನ್ನು ಕ್ಷಮಿಸಿ ಅಂತ ಕೇಳುವುದಿಲ್ಲ — ಕೇಳಿದರೆ ನೀವು "ಆಯ್ತು ಬುಡವ್ವ" ಅಂದುಬಿಡುತ್ತೀರಿ, ನನಗೆ ಅಷ್ಟು ಸುಲಭದಲ್ಲಿ ಮುಗಿಯಬಾರದು.

ಅಜ್ಜಿ ಈಗಲೂ ಅದೇ ರಿಮೋಟ್ ಹಿಡಿದು ಕೂರುತ್ತಾಳೆ. ಟಿಕಳಿ ಉದುರಿದಾಗೆಲ್ಲ ಹೊಸದು ಅಂಟಿಸುವವಳು ನಾನು. ಅಂಟಿಸುವಾಗೆಲ್ಲ ನಿಮ್ಮನ್ನು ಒಂದು ಮಾತು ಕೇಳಬೇಕು ಅನ್ನಿಸುತ್ತದೆ. ಇದು ನನ್ನ ಭಾರ ಇಳಿಸಿಕೊಳ್ಳುವ ಪ್ರಶ್ನೆ ಅಲ್ಲ. ಉತ್ತರ ಏನೇ ಇದ್ದರೂ ತಪ್ಪು ನನ್ನದೇ. ಆದರೂ — ನಾಗಣ್ಣ, ಅವತ್ತು ಅಷ್ಟು ಜನರ ಎದುರಿಗೆ ಆ ವೈರು ನಿಮ್ಮ ಕೈಯಲ್ಲಿತ್ತು. ಅದು ಯಾತರದ್ದು ಅಂತ ಕಸುಬಿನವರಾದ ನಿಮಗೆ ಒಂದು ಗಳಿಗೆಯಲ್ಲಿ ತಿಳಿದಿರಬೇಕು. ಯಾರದ್ದು ಅಂತಲೂ ತಿಳಿದಿತ್ತು, ನನ್ನ ಅಂಗೈಯಲ್ಲೇ ಇಟ್ಟಿರಿ. ಅರ್ಧಕ್ಕೆ ನಿಂತ ಆ ವಾಕ್ಯವನ್ನು ನೀವು ಯಾಕೆ ಮುಗಿಸಲಿಲ್ಲ?