ಮುಂದಿನ ಸಾಲಿನ ಬಲತುದಿಯ ಮುಖ

ಸಯನ್‌ನಲ್ಲಿರುವ ನಮ್ಮ ಕನ್ನಡ ಸಂಘದ ವಸ್ತುಸಂಗ್ರಹಾಲಯ ಎಂದರೆ ಹಳೆಯ ಬಿಲ್ಡಿಂಗೊಂದರ ಮೊದಲ ಮಾಳಿಗೆಯ ಎರಡು ಕೋಣೆ. ಮುಂಬಯಿಗೆ ದುಡಿಯಲು ಬಂದ ಕನ್ನಡಿಗರ ತಗಡಿನ ಟ್ರಂಕು, ಹಿತ್ತಾಳೆ ಟಿಫಿನ್ನು, ಮಿಲ್ಲಿನ ಲಾಳಿ, ಫೋಟೊಗಳು ಅಲ್ಲಿವೆ. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಅದರ ಉಸ್ತುವಾರಿ ನನಗೆ ಬಂತು. ನರ್ಸಿಂಗ್ ಹಾಸ್ಟೆಲಿನಲ್ಲಿ ಗಂಟೆ ಬಾರಿಸಿದೊಡನೆ ಎದ್ದು, ಹಾಸಿಗೆಯ ಮೂಲೆ ಸರಿಯಾಗಿ ಮಡಿಸುವುದನ್ನು ಬೈಸಿಕೊಂಡು ಕಲಿತವಳು ನಾನು. ನನಗೆ ಧೂಳೂ ಆಗದು, ಅಂದಾಜೂ ಆಗದು.

ತಿಂಗಳಿಗೊಂದು ಭಾನುವಾರ ಮುಖ ಗುರುತಿಸುವ ಸಭೆ ನಡೆಸುತ್ತೇವೆ. ಹಳೆಯ ಗುಂಪು ಫೋಟೊವೊಂದನ್ನು ದೊಡ್ಡದಾಗಿ ಗೋಡೆಯ ಮೇಲೆ ಬೀಳಿಸುತ್ತೇವೆ. ಬಂದವರು ತಮಗೆ ಗೊತ್ತಿರುವವರನ್ನು ತೋರಿಸುತ್ತಾರೆ. ಆ ಮನುಷ್ಯನನ್ನು ಕಣ್ಣಾರೆ ಕಂಡ ಇಬ್ಬರು ಒಂದೇ ಹೆಸರು ಹೇಳಿದರೆ ಮಾತ್ರ ಫೋಟೊದ ಕೆಳಗೆ ಹೆಸರು ಹಾಕುವುದು. ಈ ನಿಯಮ ಮಾಡಿದವಳು ನಾನೇ.

‘ಸಿಸ್ಟರ್, ಪೊಲೀಸ್ ಸ್ಟೇಷನ್ನಿನಲ್ಲೂ ಇಷ್ಟು ವಿಚಾರಿಸೋದಿಲ್ಲ’ ಎಂದು ಕಾರ್ಯದರ್ಶಿ ಚುಡಾಯಿಸುತ್ತಿದ್ದರು.

ಹೋದ ವರ್ಷ ಮಳೆಗಾಲದಲ್ಲಿ ಒಂದು ಮಿಲ್ಲಿನ ಕ್ಯಾಂಟೀನಿನ ನೌಕರರ ಫೋಟೊ ತೋರಿಸಿದೆವು. ಮುಂದಿನ ಸಾಲಿನ ಬಲತುದಿಯಲ್ಲಿ, ತೋಳು ಮಡಿಸಿದ ಅಂಗಿ ತೊಟ್ಟ ಒಬ್ಬ ತರುಣ ನಿಂತಿದ್ದ. ಜೋಗೇಶ್ವರಿಯಿಂದ ಮೊದಲ ಬಾರಿಗೆ ಬಂದಿದ್ದ, ವಿಜಯಪುರದ ಕಡೆಯ ಒಬ್ಬ ಹೆಂಗಸು ಕುರ್ಚಿಯಿಂದ ಎದ್ದು ಗೋಡೆಯ ಹತ್ತಿರ ಹೋದಳು. ಅವಳಿಗೂ ಹೆಚ್ಚುಕಡಿಮೆ ನನ್ನದೇ ವಯಸ್ಸು.

‘ಇವರು ನಮ್ಮಪ್ಪಾರು ಅದಾರ್ರೀ.’

‘ನೀವು ಅವರನ್ನು ನೋಡಿದ್ದೀರಾ?’

‘ಎಲ್ಲಿ ನೋಡ್ಲಿರೀ? ನಾ ಅವ್ವನ ಹೊಟ್ಟ್ಯಾಗಿದ್ದಾಗ ಮುಂಬೈಗೆ ಬಂದವರು ಹೊಳ್ಳಿ ಬರ್ಲಿಲ್ಲ. ಕ್ಯಾಂಟೀನ್ಯಾಗ ಇದ್ರು, ಸತ್ರು ಅಂತ ಸುದ್ದಿ ಬಂತು, ಅಷ್ಟ. ಆದ್ರ ನನ್ನ ಮಗನ ಮಾರಿ ನೋಡ್ರಿ, ಇದ ಮಾರಿ!’

ಹಿಂದಿನ ಸಾಲಿನಿಂದ ಬೊರಿವಲಿಯ ಹಿರಿಯರೊಬ್ಬರು ಎದ್ದರು. ಅವರು ದಕ್ಷಿಣ ಕನ್ನಡದವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ನಮ್ಮ ಹಳೆಯ ಸದಸ್ಯರು.

‘ಎಂಥದು ಮಾರಾಯ್ರೆ, ಅದು ನನ್ನ ಅಣ್ಣ! ಆ ಕ್ಯಾಂಟೀನಿನಲ್ಲೇ ಇದ್ದದ್ದು. ಸಾಯ್ಲಿಕ್ಕೆ ಅವನಿಗೆಂಥ ಆಗಿದೆ? ಈಗಲೂ ನಮ್ಮ ಮನೆಯಲ್ಲೇ ಮಲಗಿದ್ದಾನೆ.’

ಅವಳು ಅವರ ಕಡೆ ತಿರುಗಲಿಲ್ಲ. ನನಗೇ ಹೇಳಿದಳು: ‘ಹೆಸರು ಯಾರದರ ಹಾಕ್ರಿ. ನನಗ ಒಂದು ಕಾಪಿ ಕೊಡ್ರಿ. ಹಿರ್ಯಾರ ಅಮಾಸಿಗೆ ಎಡಿ ಇಡ್ತೀನಿ. ಅತ್ತಿ ಮಾವ, ನಮ್ಮವ್ವ, ಎಲ್ಲಾರದೂ ಫೋಟೊ ಐತ್ರಿ. ಅಪ್ಪಾರದ ಇಲ್ಲ. ಮಾಲಿ ಹಾಕಾಕ ಒಂದು ಮಾರಿ ಬೇಕಲ್ರೀ.’

‘ಮಾಲೆಯಾ? ಜೀವ ಇರುವವನ ಫೋಟೊಕ್ಕೆ?’ ಬೊರಿವಲಿಯವರು ನನ್ನ ಕಡೆ ತಿರುಗಿದರು. ‘ಸಿಸ್ಟರ್, ಕೊಟ್ಟರೆ ನಾನು ಈ ಮೆಟ್ಟಿಲು ಹತ್ತುವುದಿಲ್ಲ.’

ಅಂದಿನ ಸಭೆ ಅಲ್ಲಿಗೇ ಮುಗಿಯಿತು. ಕಣ್ಣಾರೆ ಕಂಡವರು ಬೊರಿವಲಿಯವರು ಒಬ್ಬರೇ. ಎರಡನೆಯ ಸಾಕ್ಷಿ ಎಂದರೆ ಆ ಅಣ್ಣನೇ. ಅವರನ್ನೇ ಕೇಳಿಬಿಡೋಣ ಎಂದು ಮುಂದಿನ ವಾರ ಫೋಟೊ ಹಿಡಿದು ಬೊರಿವಲಿಗೆ ಹೋದೆ.

ಮುದುಕರು ದಿಂಬಿಗೆ ಒರಗಿದ್ದರು. ನೆನಪು ಹೋಗಿ ಕೆಲವು ವರ್ಷಗಳಾಗಿದ್ದವು. ಪಾದಗಳು ಬಾತಿದ್ದವು, ಉಸಿರು ಮೇಲೆಯೇ ಆಡುತ್ತಿತ್ತು. ಯಾರೂ ಕೇಳದಿದ್ದರೂ ನನ್ನ ಕಣ್ಣು ಇವನ್ನೆಲ್ಲ ನೋಡಿಬಿಡುತ್ತದೆ. ಫೋಟೊ ಕೈಗಿಟ್ಟೆ. ಅವರ ಬೆರಳು ಮುಂದಿನ ಸಾಲಿನ ಮೇಲೆ ನಿಧಾನವಾಗಿ ಸರಿದು ಬಲತುದಿಯಲ್ಲಿ ನಿಂತಿತು.

‘ಇವ ಸತ್ತ’ ಎಂದರು.

‘ಅಣ್ಣಾ, ಅದು ನೀನೇ ಅಲ್ವಾ!’ ಎಂದರು ಪಕ್ಕದಲ್ಲಿ ನಿಂತಿದ್ದ ತಮ್ಮ.

‘ಸತ್ತ ಅಂದೆನಲ್ಲ. ಚಾ ಎಲ್ಲುಂಟು?’

‘ಇವರ ಹೆಸರೇನು?’ ಎಂದು ಕೇಳಿದೆ.

‘ಯಾರದ್ದು?’ ಎಂದು ನನ್ನನ್ನೇ ನೋಡಿದರು.

ತಮ್ಮ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದರು. ‘ಕಂಡಿರಲ್ಲ? ನಿನ್ನೆ ನನ್ನನ್ನೂ ಸತ್ತ ಅಂದಿದ್ದಾನೆ.’ ನಗಲು ನೋಡಿದರು, ಆಗಲಿಲ್ಲ. ‘ಅಪ್ಪ ಹೋದ ಮೇಲೆ ಕ್ಯಾಂಟೀನಿನಲ್ಲಿ ಲೋಟ ತೊಳೆದು ನನ್ನನ್ನು ಓದಿಸಿದ್ದು ಅವನು. ಅವನಿಗೆ ಮಾಲೆ ಹಾಕಲಿಕ್ಕೆ ಹೇಗೆ ಬಿಡಲಿ, ಹೇಳಿ.’

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವಳು ಕೇಳಿದ್ದರಲ್ಲೂ ತಪ್ಪಿರಲಿಲ್ಲ. ವಾರ್ಡಿನಲ್ಲಿದ್ದಾಗ ಇಂಥ ಇಕ್ಕಟ್ಟಿಗೆ ಡಾಕ್ಟರನ್ನು ಕರೆಯುತ್ತಿದ್ದೆ. ಇಲ್ಲಿ ಕರೆಯಲು ಯಾರೂ ಇರಲಿಲ್ಲ. ಇದ್ದದ್ದು ನಿಯಮ. ಅದರ ಪ್ರಕಾರ ಆ ಮುಖಕ್ಕೆ ಹೆಸರಿಲ್ಲ. ಹೆಸರು ಹಾಕಿದ ಮುಖವಾದರೆ ಅವರ ಮನೆಯವರ ಒಪ್ಪಿಗೆ ಬೇಕು; ಹೆಸರಿಲ್ಲದ ಫೋಟೊದ ಪ್ರತಿಯನ್ನು ಯಾರು ಕೇಳಿದರೂ ಕೊಡಬಹುದು. ಕಾರ್ಯದರ್ಶಿ ಬೇಡವೆಂದರೂ ನಾನು ಪ್ರತಿ ಮಾಡಿಸಿದೆ.

ಮಹಾಲಯ ಅಮಾವಾಸ್ಯೆಗೆ ಮುಂಚೆ ಅವಳು ಬಂದಳು. ಪ್ರತಿ ಕೊಡುವ ಮೊದಲು ಬೊರಿವಲಿಯಲ್ಲಿ ನಡೆದದ್ದನ್ನು ಒಂದು ಮಾತೂ ಬಿಡದೆ ಹೇಳಿದೆ.

‘ಸತ್ತ ಅಂದ್ರಾ? ಈ ಮಾರಿ ಮ್ಯಾಲ ಬಟ್ಟ ಇಟ್ಟು ಅಂದ್ರಾ?’

‘ಹೌದು. ಆದರೆ ತಮ್ಮನನ್ನೂ ಹಾಗೇ ಅಂದಿದ್ದಾರೆ. ಬುದ್ಧಿ ಸ್ಥಿಮಿತದಲ್ಲಿಲ್ಲ.’

ನಾನು ಕೊಟ್ಟ ಫೋಟೊವನ್ನು ಅವಳು ತೊಡೆಯ ಮೇಲಿಟ್ಟುಕೊಂಡು ಆ ಮುಖದ ಮೇಲೆ ಕೈಯಾಡಿಸಿದಳು. ಆಮೇಲೆ ಸೆರಗಿನಲ್ಲಿ ಸುತ್ತಿಕೊಂಡಳು.

‘ಮಾಲಿ ಹಾಕೂದಿಲ್ಲ ತಗೋರಿ. ಅವರದ ಮಾರಿ ಇದ್ರ? ಇದ್ದ ಜೀವಕ್ಕ ಎಡಿ ಇಟ್ಟಂಗ ಆಗ್ತದ. ಆ ಅಜ್ಜಾರು ಇರೋತನಕ ಬ್ಯಾಡ.’

ಬಾಗಿಲ ಹತ್ತಿರ ಹೋದವಳು ತಿರುಗಿದಳು.

‘ಸಿಸ್ಟರ್, ನೀವು ಕಣ್ಣಾರೆ ನೋಡೀರಿ. ಅವರ ತಬ್ಬೇತಿ ಹ್ಯಾಂಗ ಐತ್ರಿ?’

ಕೇಳಿದ ಮೇಲೆ ತಾನು ಕೇಳಿದ್ದರ ಅರ್ಥ ಅವಳಿಗೇ ಗೊತ್ತಾಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ‘ಅಯ್ಯ ಶಿವನ, ಏನು ಕೇಳಾಕತ್ತೀನಿ ನಾ!’

ಈ ಪ್ರಶ್ನೆಯನ್ನು ರೋಗಿಗಳ ಮನೆಯವರು ಜೀವಮಾನವಿಡೀ ನನಗೆ ಕೇಳಿದ್ದಾರೆ, ನಾನು ನೆಟ್ಟಗೆ ಉತ್ತರಿಸಿದ್ದೇನೆ. ಅವತ್ತು ಬಾತ ಪಾದಗಳು ಕಣ್ಣಮುಂದೆ ಬಂದವು. ‘ವಯಸ್ಸಾಗಿದೆ’ ಎಂದಷ್ಟೇ ಹೇಳಿ ಕಪಾಟಿನ ಬೀಗ ಹಾಕತೊಡಗಿದೆ.

ಅಮಾವಾಸ್ಯೆಯಂದು ಅಪ್ಪನ ಹೆಸರಿನಲ್ಲಿ ಬರಿಯ ತಂಬಿಗೆ ಇಟ್ಟು ಎಡೆ ಹಾಕಿದಳಂತೆ. ಫೋಟೊ ಸೀರೆಗಳ ನಡುವೆ ಇದೆ. ಆಮೇಲೆ ಫೋನು ಮಾಡಿದಾಗಲೆಲ್ಲ ಮಗನ ವಿಷಯ, ಮೊಣಕಾಲಿನ ವಿಷಯ ಹೇಳುತ್ತಾಳೆ. ಬೊರಿವಲಿಯ ಸುದ್ದಿ ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ.

ಬೊರಿವಲಿಯವರು ಈಗಲೂ ಸಭೆಗೆ ಬರುತ್ತಾರೆ. ಪ್ರತಿ ಕೊಟ್ಟದ್ದನ್ನೂ ಅವಳು ಮಾಲೆ ಹಾಕದೆ ಇಟ್ಟುಕೊಂಡಿರುವುದನ್ನೂ ನಾನೇ ಅವರಿಗೆ ತಿಳಿಸಿದೆ. ಬಂದಾಗಲೆಲ್ಲ ಅಣ್ಣ ಹೇಗಿದ್ದಾರೆ ಎಂದು ವಿಚಾರಿಸುತ್ತೇನೆ. ‘ಹಾಗೇ ಇದ್ದಾನೆ’ ಎನ್ನುತ್ತಾರೆ. ಒಳ್ಳೆಯದಾಯಿತು ಎನ್ನಬೇಕು, ಎನ್ನುತ್ತೇನೆ. ಆದರೆ ಆ ಮಾತು ಬಾಯಿಗೆ ಬರುವ ಮೊದಲು ಒಂದು ಗಳಿಗೆ ತಡವಾಗುತ್ತದೆ. ಅವರು ಅದನ್ನು ಗಮನಿಸಿದ್ದಾರೆ.