ಖಾನಾಪುರದಲ್ಲಿ ಕತ್ತರಿಸಿದ ಬಾಲ

ಖಾನಾಪುರ ಸ್ಟೇಶನ್ನಿನಲ್ಲಿ ಸಿಕ್ಕಿಬಿದ್ದ ಎರಡು ಗೂಡ್ಸ್ ಗಾಡಿಗಳನ್ನು ಬಿಡಿಸಿದವನು ನಾನಲ್ಲ. ಬಿಡಿಸಿದವನು ಹಳಿ ತಿರುಗಿಸುವ ದಸ್ತಗೀರಸಾಬ. ಸಿಕ್ಕಿಸಿದವನು ಮಾತ್ರ ನಾನು. ಇಷ್ಟು ಬರೆಯಲು ನನಗೆ ಆರು ವರ್ಷ ಹಿಡಿಯಿತು. ಆ ಆರು ವರ್ಷವೂ ಜನ ನನ್ನನ್ನು ಹೊಗಳುತ್ತಿದ್ದರು, ನಾನು ಒಮ್ಮೆಯಾದರೂ...

ಆಗ ನಾನು ಬೆಳಗಾವಿಯ ಟ್ರಾಫಿಕ್ ಕಚೇರಿಯಲ್ಲಿ ಅಸಿಸ್ಟಂಟ್. ಯಾವ ಗಾಡಿ ಎಷ್ಟು ಡಬ್ಬಿ ಎಳೆಯಬೇಕು, ಎಲ್ಲಿ ಯಾವುದಕ್ಕೆ ಹಾದಿ ಬಿಡಬೇಕು ಎಂದು ಗೊತ್ತುಮಾಡುವ ಕೆಲಸ. ಚಿಂತೆ ನನ್ನ ಹುಟ್ಟುಗುಣ. ದೇಸೂರಿನ ಹತ್ತಿರ ಎಮ್ಮೆ ಅಡ್ಡ ಬಂದರೆ? ಇಂಜಿನ್ನಿನ ನೀರು ಮುಗಿದರೆ? ಡ್ರೈವರನಿಗೆ ಹೊಟ್ಟೆನೋವು ಬಂದರೆ? ಡಬ್ಬಿ ಸಾಲದೆಂದು ಕಟ್ಟಿಗೆ ವ್ಯಾಪಾರಿಗಳ ತಕರಾರು ಹೆಚ್ಚಾದದ್ದರಿಂದ ಎರಡೂ ಕಡೆಯ ಗಾಡಿಗಳಿಗೆ ಹೆಚ್ಚಿನ ಡಬ್ಬಿ ಜೋಡಿಸಲು ಹೇಳಿ, ಇದನ್ನೆಲ್ಲ ಚಿಂತಿಸುತ್ತ ಕುಳಿತೆ. ಇದ್ದದ್ದು ಒಂದೇ ಹಳಿ. ಖಾನಾಪುರದಲ್ಲಿ ಎದುರಾದಾಗ ಒಂದು ಗಾಡಿ ಬಾಜು ಹಳಿಗೆ ಸರಿದು ನಿಲ್ಲಬೇಕು. ಆ ಬಾಜು ಹಳಿ ಎಷ್ಟು ಉದ್ದ — ಅದೊಂದನ್ನು ಮಾತ್ರ ಚಿಂತಿಸಲಿಲ್ಲ.

ನನ್ನ ಜಾಣತನದ ಫಲ ನೋಡಲು ನಾನೇ ಅಲ್ಲಿಗೆ ಹೋಗಿದ್ದೆ. ಬೆಳಿಗ್ಗೆ ಎರಡೂ ಬಂದವು, ಎರಡೂ ಹಿಡಿಸಲಿಲ್ಲ. ಒಂದರ ಬಾಲ ಬೆಳಗಾವಿ ಕಡೆ ಹೊರಗೆ, ಇನ್ನೊಂದರದು ಲೋಂಡಾ ಕಡೆ ಹೊರಗೆ. ಬೆಳಗಾವಿ ಕಡೆಯ ದೇಸೂರಿನಲ್ಲಿ ಮೇಲ್ ಗಾಡಿ ಹಾದಿ ಕಾಯುತ್ತಿತ್ತು; ಅದರೊಳಗೆ ನಮ್ಮ ದೊಡ್ಡ ಸಾಹೇಬರು. ನನ್ನ ನೌಕರಿ ಹೋಯಿತೆಂದೇ ತಿಳಿದೆ.

ದಸ್ತಗೀರಸಾಬ ಒಂದು ಸ್ಟೂಲು ತಂದಿಟ್ಟ. "ರಾಯರ, ನೀವು ಮೊದಲ ಕುಂದರ್ರಿ. ನೀವು ನಡಗಿದ್ರ ಗಾಡಿ ಗಿಡ್ಡ ಆಗೂದಿಲ್ಲ."

ಆಮೇಲೆ ನಡೆದದ್ದು... ಅದನ್ನು ನೆನೆದರೆ ಇಂದಿಗೂ ಎದೆ ಉಬ್ಬುತ್ತದೆ. ಲೋಂಡಾದಿಂದ ಬಂದ ಗಾಡಿಯ ಬಾಲವನ್ನು, ಅಂದರೆ ಹೊರಗುಳಿದ ಹಿಂದಿನ ಡಬ್ಬಿಗಳನ್ನು, ಅವನು ಕೊಂಡಿ ಕಳಚಿ ಕತ್ತರಿಸಿ ಹಳಿಯ ಮೇಲೆಯೇ ಬಿಡಿಸಿದ. ಉಳಿದ ಭಾಗ ಸ್ಟೇಶನ್ನಿನೊಳಗೆ ಹಿಡಿಸಿತು. ಬೆಳಗಾವಿಯ ಗಾಡಿ ಮುಂದೆ ಸಾಗಿ, ಆ ಬಾಲವನ್ನು ತನ್ನ ಮೂತಿಗೆ ಕಟ್ಟಿಸಿಕೊಂಡು ಲೋಂಡಾ ಕಡೆ ನೂಕಿತು. ಹಿಂದೆ ಹಾದಿ ತೆರೆಯಿತು, ಎದುರಿನ ಗಾಡಿಯ ತಲೆಭಾಗ ಬೆಳಗಾವಿ ಕಡೆ ಪಾರಾಯಿತು. ಮತ್ತೆ ಹಿಂದಕ್ಕೆ ಎಳೆದು, ಬಾಲವನ್ನು ಬಾಜು ಹಳಿಯಲ್ಲಿ ಬಿಟ್ಟು, ಬೆಳಗಾವಿಯ ಗಾಡಿ ಸೀಟಿ ಹೊಡೆದು ಲೋಂಡಾದ ಕಡೆ ಓಡಿತು. ಎದುರಿನ ಗಾಡಿಯ ತಲೆ ಹಿಂದೆ ಬಂದು ತನ್ನ ಬಾಲ ಜೋಡಿಸಿಕೊಂಡು ಬೆಳಗಾವಿಯ ಹಾದಿ ಹಿಡಿಯಿತು. ಅರ್ಧ ದಿನ ಹಿಡಿಯಬೇಕಾದದ್ದು ಒಂದು ತಾಸಿನೊಳಗೆ! ಹಮಾಲರು ರುಮಾಲು ಬೀಸಿದರು. ನಾನು ಸ್ಟೂಲಿನಿಂದ ಎದ್ದೆ — ನನ್ನ ಪಾಲಿನ ಕೆಲಸ ಅಷ್ಟೇ.

ಮೇಲ್ ಬಂತು. ಸಾಹೇಬರು ಇಳಿದು, ಈ ಯೋಚನೆ ಯಾರದು ಎಂದು ಕೇಳಿದರು. ದಸ್ತಗೀರಸಾಬ ನಾಲ್ಕು ಮಾರು ದೂರದಲ್ಲಿ ಕೈಯ ಎಣ್ಣೆ ಒರೆಸಿಕೊಳ್ಳುತ್ತಿದ್ದ.

"ನನ್ನದೇ," ಎಂದೆ.

ಅವನು ತಲೆ ಎತ್ತಿ ನೋಡಿದ. ಹಸಿರು ನಿಶಾನೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ನಡೆದ.

ಆ ಒಂದು ಮಾತಿನ ಮೇಲೆ ನಾನು ಟ್ರಾಫಿಕ್ ಮ್ಯಾನೇಜರನಾದೆ. ಕ್ಯಾಂಪಿನಲ್ಲಿ ಬಂಗಲೆ ಸಿಕ್ಕಿತು. ಸೂರು ಸೋರೀತೆಂಬ ಹೊಸ ಚಿಂತೆಯೂ. ದಸ್ತಗೀರಸಾಬ ಹಳಿ ತಿರುಗಿಸುತ್ತಲೇ ಉಳಿದ. ನಾನು ಖಾನಾಪುರದಲ್ಲಿ ಇಳಿದಾಗಲೆಲ್ಲ ಸಲಾಮು ಹೊಡೆದು ಒಂದೇ ಕೇಳುತ್ತಿದ್ದ: "ಸಾಹೇಬ್ರ, ಬಾಲ ಆರಾಮ ಐತೇನ್ರಿ?" ಸುತ್ತಲಿನವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅವನೊಬ್ಬ ನಗುತ್ತಿರಲಿಲ್ಲ.

ಹೋದ ತಿಂಗಳು ಬೆಳಗಾವಿ ಯಾರ್ಡಿನಲ್ಲಿ ಗಾಡಿಗಳನ್ನು ತಡೆದು ಬಿಡುವ ಜಮಾದಾರನ ಜಾಗ ಖಾಲಿಯಾಯಿತು. ದಸ್ತಗೀರಸಾಬ ಅರ್ಜಿ ಹಾಕಿದ್ದ. ಪರೀಕ್ಷೆ ಪಾಸಾದವನಲ್ಲ, ದೊಡ್ಡ ಕೆಲಸ ಮಾಡಿ ತೋರಿಸಿದ ದಾಖಲೆಯಿದ್ದರೆ ಮಾತ್ರ ಆ ಜಾಗ ಸಿಗುವಂತಿತ್ತು. ದಾಖಲೆ ಇತ್ತು — ನನ್ನ ಹೆಸರಿನಲ್ಲಿ.

ನಡೆದದ್ದನ್ನೆಲ್ಲ ದೊಡ್ಡ ಸಾಹೇಬರಿಗೆ ಬರೆದೆ. ಟಪಾಲಿಗೆ ಹಾಕುವ ಮೊದಲು ಖಾನಾಪುರಕ್ಕೆ ಹೋಗಿ, ಪ್ಲಾಟ್‌ಫಾರ್ಮಿನ ಮೇಲೆ ಎಲ್ಲರೆದುರು ಅದನ್ನು ಕನ್ನಡದಲ್ಲಿ ಹೇಳಿದೆ, ಹಮಾಲರಿಗಾಗಿ ಮರಾಠಿಯಲ್ಲೂ. ಯಾರೂ ನಗಲಿಲ್ಲ.

ದಸ್ತಗೀರಸಾಬ ಕೊನೆಯವರೆಗೂ ಕೇಳಿದ. "ಒಂದ ಬಿಟ್ಟೀರಿ," ಎಂದ. "ಬಾಲ ಕಡಿಯೂಕಿಂತ ಮೊದಲ ಗಾಲಿಗೆ ಕಟ್ಟಿಗಿ ಇಟ್ಟಿದ್ನಿ. ಇಲ್ಲಂದ್ರ ಇಳಿಜಾರಿನ್ಯಾಗ ಓಡಿಹೋಗತಿತ್ತು. ಅದನ್ನೂ ಬರೀರಿ, ರಾಯರ."

ಆರು ವರ್ಷ ನನ್ನದೆಂದು ಹೇಳಿಕೊಂಡ ಯೋಚನೆ, ಪೂರ್ತಿ ನನಗೆ ಗೊತ್ತೂ ಇರಲಿಲ್ಲ! ಅಲ್ಲೇ ನಿಂತು ಬರೆದೆ.

ಮೊನ್ನೆ ಎರಡು ಲಕೋಟೆ ಬಂದವು. ಒಂದರಲ್ಲಿ ದಸ್ತಗೀರಸಾಬನ ನೇಮಕ. ಇನ್ನೊಂದರಲ್ಲಿ, ಸುಳ್ಳು ಹೇಳಿದ್ದಕ್ಕೆ ಎಂಟು ದಿನದೊಳಗೆ ಸಮಜಾಯಿಷಿ ಕೊಡಬೇಕೆಂದು ನನಗೆ ಹುಕುಂ.

ಇಂದು ಅವನು ಯಾರ್ಡಿಗೆ ಬಂದ. ನನ್ನ ತಪಾಸಣೆಯ ಗಾಡಿ ಹೊರಡಬೇಕಿತ್ತು. ಕೆಂಪು ನಿಶಾನೆ ಹಿಡಿದು ನಿಲ್ಲಿಸಿದ. ಮೊದಲು ಮೂರು ಗೂಡ್ಸ್ ಬಿಟ್ಟ, ಒಂದಾದ ಮೇಲೊಂದು, ಎಲ್ಲೂ ತೊಡಕಿಲ್ಲದೆ. ಕಿಟಕಿಯಲ್ಲಿ ಕುಳಿತು ನೋಡಿದೆ. ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಇಷ್ಟು ಚೆಂದದ ಕೆಲಸ ಕಂಡಿರಲಿಲ್ಲ. ಕಾಯುತ್ತಿದ್ದ ಹೊತ್ತಿನಲ್ಲಿ ಉತ್ತರ ಬರೆದು ಮುಗಿಸಿದೆ: "ಸಮಜಾಯಿಷಿ ಏನೂ ಇಲ್ಲ."

ಆಗ ಹಸಿರು ನಿಶಾನೆ ಏರಿತು.